ಉಷಾರಾಣಿ ಕಟ್ಟಿದ ರ‍್ಯಾಕು

ನಾಲ್ಕೂಕಾಲಿಗೆ ಎದ್ದು ಮೊದಲು ನಲ್ಲಿ ತಿರುಗಿಸಿ ನೋಡಬೇಕು. ನೀರು ಬಂದಿದ್ದರೆ ತೊಟ್ಟಿಗೆ ಪೈಪು ಬಿಡಬೇಕು. ತೊಟ್ಟಿ ತುಂಬುವಷ್ಟರಲ್ಲಿ ಬಾಗಿಲ ಮುಂದೆ ಗುಡಿಸಿ, ನೀರು ಹಾಕಿ, ನಾಲ್ಕೆಳೆ ರಂಗೋಲಿ ಎಳೆಯಬೇಕು. ತೆಂಗಿನ ಮಟ್ಟೆ ಒಟ್ಟಿ ಹಂಡೆ ಒಲೆ ಹಚ್ಚಬೇಕು. ಅತ್ತೆ ಚಂದ್ರಕ್ಕನ ಮಂಡಿಗೆ ಎಣ್ಣೆ ಬೆಚ್ಚಗೆ ಮಾಡಿಡಬೇಕು, ಕಾಯಿ ತುರಿದು ಚಟ್ನಿ ರುಬ್ಬಬೇಕು, ಮಗಳು ಮೇಘಶ್ರೀಯ ಡಬ್ಬಿಗೆ ಚಿತ್ರಾನ್ನ ಕಲಸಬೇಕು, ರಾತ್ರಿಯ ಪಾತ್ರೆ ಬೆಳಗಬೇಕು. ಗಂಡ ಚೇತನ್‌ಕುಮಾರನ ಆರ್ಕೆಸ್ಟ್ರಾ ಇರುವ ದಿನವಾದರೆ ಇದರ ಮೇಲೆ ಇನ್ನೂ ಒಂದಿಷ್ಟು. ನಡುಮನೆಯ ಮೂಲೆಯಲ್ಲಿ ಸೊಂಟದೆತ್ತರ ನಿಂತಿರುವ, ಗಿಟಾರಿನ ಯಂತ್ರಗಳನ್ನು ಜೋಡಿಸಿದ ಪೆಟ್ಟಿಗೆಯಾದ ರ‍್ಯಾಕಿನ ಹಿಂಬಾಗಿಲು ಬಿಚ್ಚಿ ದೂಳು ಒರೆಸಬೇಕು. ಒಂದೊಂದೇ ವಯರು ಅಲುಗಿಸಿ ಸಡಿಲವಾಗಿದೆಯೇ ನೋಡಬೇಕು, ಫ್ಯೂಸು ನೋಡಬೇಕು, ಕಾಲಿನಲ್ಲಿ ಒತ್ತುವ ಹಲಗೆಯ ಐದೂ ಸ್ವಿಚ್ಚು ಒತ್ತಿ ಐದೂ ದೀಪ ಹತ್ತುತ್ತವೆಯೇ ನೋಡಬೇಕು, ಉದ್ದದ ಕೇಬಲ್ಲುಗಳನ್ನು ತಿರುಚದಂತೆ ಸುತ್ತಿ ಹಳೆ ಸೀರೆಯ ಅಂಚಿನಿಂದ ಕಟ್ಟಬೇಕು.

ಇಷ್ಟನ್ನೂ ಸದ್ದಾಗದಂತೆ ಮಾಡಬೇಕು ಎಂಬುದು ಉಷಾರಾಣಿ ಮದುವೆಯಾದ ಹೊಸದರಲ್ಲಿ ಕಲಿತ ಪಾಠ. ಚೇತನ್ ಕಾರ್ಯಕ್ರಮ ಮುಗಿಸಿ ಹಿರಿಯೂರಿಗೆ ಬರುವಾಗ ಹೊತ್ತು ಮೀರಿರುತ್ತಿತ್ತು, ಅವನ ನಿದ್ದೆಯೋ ಬಲು ತೆಳು. ಪಕ್ಕದ ಮನೆಯವರ ಬಳೆ ಸದ್ದಿಗೂ ಎಚ್ಚರವಾಗುತ್ತಿತ್ತು. ಈಗ ಎರಡು ವರ್ಷದಿಂದ ಸ್ಟೀಲಿನ ತಟ್ಟೆ ಕೈಜಾರಿ ಬಿದ್ದರೂ ಅವನು ಮಗ್ಗುಲು ಬದಲಿಸುವುದಿಲ್ಲ. ಆದರೂ ಅವಳು ತಟ್ಟೆಗಳ ನಡುವೆ ಬಟ್ಟೆ ಇಟ್ಟೇ ಜೋಡಿಸುತ್ತಾಳೆ. ಸದ್ದು ಮಾಡಿ, ಅವನು ಏಳದೆ ಇರುವುದನ್ನು ಮತ್ತೆ ನೋಡುವುದು ಅವಳಿಗೆ ಬೇಕಿಲ್ಲ.

ಉಷಾರಾಣಿ ಬಬ್ಬೂರಿನವಳು. ಅವಳ ಅಪ್ಪ ದೊಡ್ಡತಿಮ್ಮಪ್ಪನದು ಮೋಟರು ಕಟ್ಟುವ ಅಂಗಡಿ. ಸುತ್ತಲ ತೆಂಗಿನ ತೋಟಗಳ ಬೋರಿನ ಮೋಟರು ಸುಟ್ಟರೆ ಅಲ್ಲಿಗೇ ಬರುತ್ತಿತ್ತು. ಒಳಗಿನ ಕರಿದಾದ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ಗಂಡುಮಕ್ಕಳಿಲ್ಲದ ಅಂಗಡಿ. "ನಿನ್ ಬೆರಳು ಸಣ್ಣವೆ, ಬಾರವ್ವ ಇಲ್ಲಿ" ಎಂದು ಅಪ್ಪ ಏಳನೇ ಕ್ಲಾಸಿನ ಹುಡುಗಿಯನ್ನು ಕೂರಿಸಿಕೊಂಡ. ಸುತ್ತು ತಪ್ಪದಂತೆ ತಂತಿ ಎಣಿಸುವುದು, ಬೆಸುಗೆ ಹಾಕುವುದು, ಮೀಟರು ಹಿಡಿದು ಎಲ್ಲಿ ಕಡಿದಿದೆ ಎಂದು ಹುಡುಕುವುದು ಎಲ್ಲವನ್ನೂ ಅವಳು ಅಲ್ಲೇ ಕಲಿತಳು. ಅರ್ತಿಂಗ್ ಬಗ್ಗೆ ಅಪ್ಪನಿಗೆ ಭಾರೀ ನಿಷ್ಠೆ. "ಅರ್ತ್ ಕೊಡ್ದೆ ಎಳೆದ ಕರೆಂಟು ಅವ್ವ ಇಲ್ಲದ ಮನೆ ಇದ್ದಂಗೆ ಕಣವ್ವ. ಎಲ್ಲಾ ಇರ್ತದೆ, ಯಾವಾಗ ಯಾರಿಗೆ ಹೊಡೀತದೋ ಗೊತ್ತಾಗಲ್ಲ."

ಆ ಅಂಗಡಿಗೆ ಒಂದು ದಿನ ಆಂಪ್ಲಿಫೈಯರಿನ ಸುಟ್ಟ ಟ್ರಾನ್ಸ್‌ಫಾರ್ಮರ್ ಹಿಡಿದುಕೊಂಡು ಬಂದವನು ಚೇತನ್. ಮರುದಿನವೂ ಬಂದ. ಅಂಗಳದಲ್ಲಿ ಯಾರದೋ ಮೋಟರು ಪರೀಕ್ಷೆಗೆ ಓಡುತ್ತಿತ್ತು. ಚೇತನ್ ಬೆಂಚಿನ ಮೇಲೆ ಕೂತವನು ತಲೆ ಓರೆ ಮಾಡಿ, "ಯಜಮಾನ್ರೆ, ಇದು ನಿನ್ನೆ ಹಿಂಗೆ ಹಾಡ್ತಿರ್ಲಿಲ್ಲ. ಶ್ರುತಿ ಕೂದಲೆಳೆಯಷ್ಟು ಇಳಿದೈತೆ" ಎಂದ. ದೊಡ್ಡತಿಮ್ಮಪ್ಪ ನಕ್ಕ. ನಕ್ಕು, ಅನುಮಾನಕ್ಕೆ ಬಿಚ್ಚಿ ನೋಡಿದ. ಬೇರಿಂಗು ಸವೆದಿತ್ತು. ನೆಂಟರು ಮದುವೆಯಲ್ಲಿ "ಹಾಡೋನಿಗೆ ಕುಣಿಯೋನಿಗೆ ಮಗಳು ಕೊಡ್ತೀಯಲ್ಲೋ" ಎಂದು ಆಡಿಕೊಂಡಾಗ ಅವನು ಹೇಳಿದ ಉತ್ತರ ಆ ಊರಿನಲ್ಲಿ ಬಹಳ ದಿನ ಓಡಾಡಿತು. "ನಾನು ಹೊಲ ನೋಡ್ಲಿಲ್ಲ, ಮನೆ ನೋಡ್ಲಿಲ್ಲ. ಕಿವಿ ನೋಡಿ ಕೊಟ್ಟೆ."

ಆ ಕಿವಿ ಹೋಗತೊಡಗಿದ್ದು ಮೊದಲು ಗೊತ್ತಾಗಿದ್ದು ಅಡುಗೆಮನೆಯಲ್ಲಿ. ಕುಕ್ಕರು ಕೂಗಿದ್ದು ಚೇತನ್‌ಗೆ ತಿಳಿಯುತ್ತಿರಲಿಲ್ಲ. ಆಮೇಲೆ ಮೊಬೈಲು. ಆಮೇಲೆ ಮೇಘಶ್ರೀಯ ಮಾತು. ಹೆಂಗಸರ ದನಿ, ಮಕ್ಕಳ ದನಿ, ಸಣ್ಣ ಸದ್ದುಗಳೆಲ್ಲ ಮೇಲಿನಿಂದ ಒಂದೊಂದಾಗಿ ಉದುರಿದವು. ಗಂಡಸರ ದಪ್ಪ ದನಿ, ಲಾರಿಯ ಗುಡುಗು ಉಳಿದವು. "ಎಲ್ರೂ ಬಾಯಾಗೆ ಎಲೆ ಅಡಿಕೆ ಇಟ್ಕಂಡು ಮಾತಾಡ್ತೀರಿ" ಎಂದು ಅವನು ರೇಗುತ್ತಿದ್ದ. ಹತ್ತನೇ ಕ್ಲಾಸಿನ ಮೇಘಶ್ರೀ ಕೂಗಿ ಕೂಗಿ ಬೇಸತ್ತು, "ಅಪ್ಪಂಗೆ ನೀನೇ ಹೇಳವ್ವ" ಎಂದು ಎದ್ದುಹೋಗುತ್ತಿದ್ದಳು. ಹೀಗೆ ಆ ಮನೆಯಲ್ಲಿ ಇನ್ನೊಂದು ಕೆಲಸ ಹುಟ್ಟಿತು. ಬಾಗಿಲು ಬಡಿದರೆ ಹೇಳುವುದು, ಫೋನು ಬಂದರೆ ತಾನು ಕೇಳಿ ಅವನ ಮುಖದ ಎದುರು ನಿಂತು ದಪ್ಪ ದನಿಯಲ್ಲಿ ಒಪ್ಪಿಸುವುದು, ಮಗಳ ಮಾತನ್ನು ಅಪ್ಪನಿಗೆ, ಅಪ್ಪನ ಸಿಟ್ಟನ್ನು ಸ್ವಲ್ಪ ತಣ್ಣಗೆ ಮಾಡಿ ಮಗಳಿಗೆ ದಾಟಿಸುವುದು. ಅಂಗಳ ಗುಡಿಸುವ ಹಾಗೆಯೇ ಅದೂ ಉಷಾರಾಣಿಯ ಪಾಲಿಗೆ ಬಂತು. ಯಾರೂ ವಹಿಸಿಕೊಡಲಿಲ್ಲ, ಯಾರೂ ಅದನ್ನು ಕೆಲಸ ಎನ್ನಲೂ ಇಲ್ಲ.

ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದವಳೂ ಅವಳೇ. ಗಾಜಿನ ಕಿಟಕಿಯ ಸಣ್ಣ ಕೋಣೆಯೊಳಗೆ ಚೇತನ್‌ನನ್ನು ಕೂರಿಸಿ ಕಿವಿಗೆ ಹೆಡ್‌ಫೋನು ಹಾಕಿದರು. ಸದ್ದು ಕೇಳಿದ ಕೂಡಲೇ ಕೈ ಎತ್ತಬೇಕು. ಹೊರಗೆ ಯಂತ್ರದ ಮುಂದೆ ಕೂತ ಹುಡುಗಿ ಗುಂಡಿ ಒತ್ತಿದಾಗಲೆಲ್ಲ ಒಂದು ಹಸಿರು ದೀಪ ಹತ್ತುತ್ತಿತ್ತು. ಮೊದಮೊದಲು ದೀಪ ಹತ್ತಿತು, ಕೈ ಎದ್ದಿತು. ಬರಬರುತ್ತಾ ದೀಪ ಹತ್ತಿತು, ಕೈ ಏಳಲಿಲ್ಲ. ಹುಡುಗಿ ಸದ್ದು ಏರಿಸಿದಳು. ದೀಪ. ಇನ್ನೂ ಏರಿಸಿದಳು. ಗಾಜಿನ ಈಚೆ ನಿಂತ ಉಷಾರಾಣಿಗೇ ಸೊಳ್ಳೆಯ ಗುಂಯ್‌ಗುಡುವಿಕೆಯಂತೆ ಆ ಸದ್ದು ಸೋರಿ ಕೇಳಿಸಿತು. ಒಳಗೆ ಚೇತನ್ ಕೈ ತೊಡೆಯ ಮೇಲಿಟ್ಟುಕೊಂಡು, ಇನ್ನೇನು ಬರುತ್ತದೆ ಎಂದು ಸ್ಕೂಲು ಹುಡುಗನ ಹಾಗೆ ಕಾಯುತ್ತಾ ಕೂತಿದ್ದ.

ಡಾಕ್ಟರು ಎರಡು ಮಾತು ಹೇಳಿದರು. ಎರಡೂ ಕಿವಿಗೆ ಮಿಷಿನ್ನು ಹಾಕಬೇಕು. ಜೋರು ಸದ್ದಿನ ಕೆಲಸ ಬಿಡಬೇಕು, ಇಲ್ಲದಿದ್ದರೆ ಉಳಿದಿರುವುದೂ ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ.

ವಾಪಸು ಬರುವ ಬಸ್ಸು ಐಮಂಗಲ ದಾಟಿತು. ಆಗ ಚೇತನ್ ಹೇಳಿದ. "ಯಾರಿಗೂ ಹೇಳ್ಬೇಡ. ಅವ್ವಂಗೂ. ಕಿವ್ಯಾಗೆ ಮಿಷಿನ್ ಇಟ್ಕಂಡಿರೋ ಗಿಟಾರಿಸ್ಟ್‌ನ ಯಾವನು ಕರೀತಾನೆ?"

"ಹೇಳಲ್ಲ" ಎಂದಳು ಉಷಾರಾಣಿ. ಕಿಟಕಿಯ ಗಾಳಿಗೆ ಅದು ಅವನಿಗೆ ಕೇಳಿಸದಿದ್ದರಿಂದ ತಲೆಯನ್ನೂ ಅಲ್ಲಾಡಿಸಿ ತೋರಿಸಿದಳು.

ಆರ್ಕೆಸ್ಟ್ರಾ ಮುರುಗಪ್ಪನದು. ಹಗಲು ತೆಂಗಿನಕಾಯಿ ಮಂಡಿ, ಸಂಜೆ ಹಾಡು. ಹಿರಿಯೂರಿನಿಂದ ಹೊಸದುರ್ಗ, ಹೊಳಲ್ಕೆರೆಯವರೆಗೆ ಮದುವೆ, ಗಣೇಶ, ರಾಜ್ಯೋತ್ಸವ ಎಂದರೆ ಅವನ ವ್ಯಾನೇ ಹೋಗಬೇಕು. ಆಗೆಲ್ಲ ಚೇತನ್‌ನ ಕಾಲ ಬುಡದಲ್ಲಿ ಒಂಬತ್ತು ಸಣ್ಣ ಪೆಡಲುಗಳು, ಒಂದೊಂದಕ್ಕೂ ಬೇರೆ ಅಡಾಪ್ಟರು. ಹಾಡು ಬದಲಾದಂತೆ ಅವನು ಬಗ್ಗಿ ಗುಂಡಿ ತಿರುಗಿಸಿ ಗಿಟಾರಿನ ದನಿ ಬದಲಾಯಿಸಬೇಕು. ಅದನ್ನು ಕಿವಿಯಿಂದಲೇ ಮಾಡಬೇಕು. ಚೂಪು ದನಿ ಅವನಿಗೆ ಕೇಳಿಸದಿದ್ದರಿಂದ ಅವನು ಚೂಪನ್ನೇ ಏರಿಸುತ್ತಾ ಹೋದ. "ಏನಪ್ಪ ಚೇತನ್, ಗಿಟಾರು ನುಡಿಸ್ತೀಯೋ, ಗಾಜಿನ ಮ್ಯಾಲೆ ಮೊಳೆ ಎಳೀತೀಯೋ?" ಎಂದು ಮುರುಗಪ್ಪ ಎರಡು ಸಲ ಅಂದ. ಮೂರನೇ ಸಲ ಅನ್ನುವುದರೊಳಗೆ ಏನಾದರೂ ಮಾಡಬೇಕಿತ್ತು.

ರ‍್ಯಾಕಿನ ಯೋಚನೆ ಉಷಾರಾಣಿಯದು. ದೊಡ್ಡ ಊರಿನ ಗಿಟಾರಿನವರು ಪೆಡಲುಗಳ ಬದಲು ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಖಾನೆಖಾನೆಯಾಗಿ ಜೋಡಿಸಿ, ಕಾಲಡಿ ಬರೀ ಒಂದು ಹಲಗೆ ಇಟ್ಟುಕೊಳ್ಳುವುದನ್ನು ಅವಳು ಮೊಬೈಲಿನಲ್ಲಿ ನೋಡಿದ್ದಳು. ದನಿಗಳನ್ನು ಮನೆಯಲ್ಲೇ ಮೊದಲೇ ಹೊಂದಿಸಿ ಒಳಗೆ ಉಳಿಸಿಟ್ಟರೆ ಸ್ಟೇಜಿನ ಮೇಲೆ ಅವನು ಗುಂಡಿ ಮುಟ್ಟುವಂತೆಯೇ ಇಲ್ಲ. ಒಂದನೇ ಸ್ವಿಚ್ಚು ಒತ್ತಿದರೆ ಮೆತ್ತನೆಯದು, ಎರಡು ಒತ್ತಿದರೆ ಕುಣಿತದ ಹಾಡಿಗೆ, ಹೀಗೆ ಐದು. ಹೊಂದಿಸುವ ಕಿವಿ ಯಾರದೆಂದು ಹೊರಗಿನವರಿಗೆ ಗೊತ್ತಾಗಬೇಕಿಲ್ಲ. ದಾವಣಗೆರೆಯಲ್ಲಿ ಆರ್ಕೆಸ್ಟ್ರಾ ಮುಚ್ಚಿದವರೊಬ್ಬರ ಹಳೆ ಯಂತ್ರಗಳು ಸಿಕ್ಕವು. ದನಿ ಬದಲಿಸುವ ಪ್ರೊಸೆಸರು ಒಂದು, ಶ್ರುತಿ ತೋರಿಸುವ ಟ್ಯೂನರು ಒಂದು, ಚೇತನ್‌ನ ಪಕ್ಕದ ಸ್ಪೀಕರಿಗೆ ಬಲ ಕೊಡುವ ಭಾರದ ಪವರ್ ಆಂಪ್ಲಿಫೈಯರು ಒಂದು.

ಪೆಟ್ಟಿಗೆ ಮಾಡಲು ದೊಡ್ಡಪ್ಪ ಎಂಬ ಹೆಸರಿನ ಬಡಗಿಗೆ ಹೇಳಿದಳು. ಇಂಥ ಯಂತ್ರಗಳ ಮುಂಪಟ್ಟಿ ಎಲ್ಲಿ ಹೋದರೂ ಹತ್ತೊಂಬತ್ತು ಇಂಚು ಅಗಲ. ದೊಡ್ಡಪ್ಪ ಆಯುಷ್ಯವಿಡೀ ದೇವರ ಮಂಟಪ, ಕಪಾಟು ಮಾಡಿದವನು. ಕಪಾಟು ಅಂದರೆ ಅವನ ಲೆಕ್ಕದಲ್ಲಿ ಹೊರಗಿನ ಅಳತೆ. ಹೊರಗೆ ಹತ್ತೊಂಬತ್ತಿಂಚು ಬರುವಂತೆ ಚೆಂದವಾಗಿ ಮಾಡಿ, ಮೇಲೆ ಕಮಲದ ಹೂವನ್ನೂ ಕೆತ್ತಿ ತಂದ. ಯಂತ್ರ ಒಂದೂ ಒಳಗೆ ಹೋಗಲಿಲ್ಲ.

"ಒಳಗೆ ಹತ್ತೊಂಬತ್ತು ಅಂದಿದ್ದೆ ಕಣಣ್ಣ."

"ಒಳಗಿಂದ ಅಳತೆ ಯಾರ್ ಕೊಡ್ತಾರವ್ವ? ಮನೆ ಕಟ್ಟಿದ್ರೂ ಹೊರಗ್ನಿಂದ್ಲೇ ಅಳೀತಾರೆ."

"ಒಳಗೆ ಇರೋರಿಗೆ ಗೊತ್ತಿರ್ತದೆ, ಎಷ್ಟು ಜಾಗ ಐತೆ ಅಂತ" ಎಂದಳು ಉಷಾರಾಣಿ. ಆ ಪೆಟ್ಟಿಗೆ ಚಂದ್ರಕ್ಕನ ದೇವರಿಗೆ ಹೋಯಿತು. ಎರಡನೆಯದಕ್ಕೆ ಅವಳೇ ಪಕ್ಕದಲ್ಲಿ ನಿಂತು, ಯಂತ್ರವನ್ನೇ ಹಲಗೆಯ ಮೇಲಿಟ್ಟು ಗೆರೆ ಎಳೆಸಿದಳು.

ಕಟ್ಟಲು ನಾಲ್ಕು ತಿಂಗಳು ಹಿಡಿಯಿತು, ಯಾಕೆಂದರೆ ಅವಳಿಗೆ ಸಿಗುತ್ತಿದ್ದದ್ದು ಮಧ್ಯಾಹ್ನದ ಊಟದ ಪಾತ್ರೆ ತೊಳೆದ ಮೇಲೆ, ಸಂಜೆಯ ಕಾಫಿಗೆ ಮುಂಚಿನ ಒಂದೂವರೆ ಗಂಟೆ. ಅಟ್ಟದ ಮೇಲೆ ಪಾತ್ರೆ ಜೋಡಿಸುವ ಹಾಗೆ ಭಾರದ್ದು ಕೆಳಗೆ, ಆಂಪ್ಲಿಫೈಯರು ತಳಕ್ಕೆ. ಅದು ಬಿಸಿಯಾಗುತ್ತದೆ, ಅದರ ಮೇಲೆ ಒಂದು ಖಾನೆ ಖಾಲಿ ಬಿಡಬೇಕು, ಇಡ್ಲಿ ಪಾತ್ರೆಯಲ್ಲಿ ಹಬೆಗೆ ದಾರಿ ಬಿಟ್ಟಂತೆ. ಅದರ ಮೇಲೆ ಪ್ರೊಸೆಸರು, ಎಲ್ಲಕ್ಕಿಂತ ಮೇಲೆ, ಬಗ್ಗದೆ ಕಾಣುವಂತೆ, ಟ್ಯೂನರು. ಹಿಂದೆ ಕರೆಂಟಿನ ವಯರುಗಳೆಲ್ಲ ಬಲಗಡೆ, ಗಿಟಾರಿನ ದನಿ ಹೊರುವ ವಯರುಗಳೆಲ್ಲ ಎಡಗಡೆ. ಎರಡೂ ಒಂದರ ಮೈಮೇಲೊಂದು ಮಲಗಿದರೆ ಗುಂಯ್ ಎನ್ನುತ್ತವೆ. ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಿದಳು. ಅರ್ತು ಒಂದೇ ಜಾಗಕ್ಕೆ. ಗುರುತಿಗೆ ಅಂಟಿಸಿದ ಚೀಟಿಗಳು ಬೆವರಿಗೆ ಕಿತ್ತುಬಂದವು. ಅದಕ್ಕೆ ಹಳೆ ಸೀರೆಗಳ ಅಂಚು ಹರಿದು ಒಂದೊಂದು ವಯರಿಗೂ ಒಂದೊಂದು ಬಣ್ಣ ಕಟ್ಟಿದಳು. ಒಳಹೋಗುವುದು ಕೆಂಪು, ಹೊರಬರುವುದು ಹಸಿರು. ವ್ಯಾನಿನಲ್ಲಿ ಕುಲುಕದಿರಲೆಂದು ಕೆಳಗೆ ಹಾಸಲು ಕೌದಿಯೊಂದನ್ನು ಮಡಚಿ ಹೊಲಿದಳು.

ಆಮೇಲೆ ದನಿ ಹೊಂದಿಸುವುದು. ಚೇತನ್ ಕುರ್ಚಿಯಲ್ಲಿ ಕೂತು ನುಡಿಸುತ್ತಿದ್ದ, ಅವಳು ನೆಲದ ಮೇಲೆ ಕೂತು ಗುಂಡಿ ತಿರುಗಿಸುತ್ತಿದ್ದಳು. ಅವಳಿಗೆ ಸಂಗೀತದ ಮಾತು ಗೊತ್ತಿರಲಿಲ್ಲ, ಅಡುಗೆಯ ಮಾತು ಗೊತ್ತಿತ್ತು.

"ಹೆಂಗೈತೆ?"

"ಇನ್ನಾ ಹಸಿ ಐತೆ. ಬೇಯ್ಬೇಕು."

ಅವನು ಮತ್ತೆ ನುಡಿಸುತ್ತಿದ್ದ. "ಈಗ?"

"ಸೀದೋತು. ತಡೀರಿ, ಇಳಿಸ್ತೀನಿ."

"ಲೇ, ನಿಂಗೆ ಗಿಟಾರ್ ಕೇಳ್ತೈತೋ ಸಾರು ಕಾಣ್ತೈತೋ?" ಎಂದು ಅವನು ನಗುತ್ತಿದ್ದ. ಮೂರನೆಯ ಸ್ವಿಚ್ಚಿನ ದನಿ ಸಿಕ್ಕ ಮಧ್ಯಾಹ್ನ ಅವಳು, "ಬೆಲ್ಲದ ಪಾಕ ಎಳೆ ಬಂತು, ಸಾಕು, ಮುಟ್ಬೇಡಿ" ಎಂದಳು. ಅವನು ಆ ಒಂದು ತಂತಿಯನ್ನು ಮೀಟಿ ಬಹಳ ಹೊತ್ತು ಗಿಟಾರಿನ ಮರಕ್ಕೆ ದವಡೆ ಒತ್ತಿ ಕೂತ. ಮರದಿಂದ ಮೂಳೆಗೆ ಏನೋ ಬರುತ್ತದಂತೆ. ಹದಿನೇಳು ವರ್ಷದ ಸಂಸಾರದಲ್ಲಿ ಅವರಿಬ್ಬರೂ ಒಂದೇ ಕೆಲಸಕ್ಕೆ ಜೊತೆಗೆ ಕೂತದ್ದು ಆ ಮಧ್ಯಾಹ್ನಗಳಲ್ಲೇ. ಅದು ಸಿಕ್ಕಿದ್ದು ಅವನ ಕಿವಿ ಹೋದದ್ದರಿಂದ.

ರ‍್ಯಾಕು ಬಂದ ಮೇಲೆ ಮುರುಗಪ್ಪನ ಮಾತು ತಿರುಗಿತು. ಚೇತನ್ ಬುದ್ಧಿವಂತನಾಗಿದ್ದಾನೆ, ಗಿಟಾರು ಈಗ ಕಿವಿಗೆ ಹಿತ. ಪರ ಊರಿನ ಹುಡುಗರು ಸ್ಟೇಜಿನ ಹಿಂದೆ ಬಂದು ಫೋಟೋ ತೆಗೆದುಕೊಳ್ಳುತ್ತಿದ್ದರು.

"ಅಣ್ಣ, ಎಲ್ಲಿ ಕಟ್ಟಿಸಿದ್ದು?"

"ಬೆಂಗ್ಳೂರು. ಒಬ್ಬ ಪರಿಚಯದೋನವ್ನೆ."

ಊಟದ ಕ್ಯಾರಿಯರು ಹಿಡಿದು ಅಲ್ಲೇ ನಿಂತಿರುತ್ತಿದ್ದಳು ಆ ಬೆಂಗಳೂರಿನ ಪರಿಚಯದವಳು. ಹೊರಗಿನ ಎಣ್ಣೆ ಗಂಡನಿಗೆ ಆಗುವುದಿಲ್ಲ, ಅದಕ್ಕೆ ಮನೆ ಊಟ ತರುತ್ತೇನೆ ಎಂಬ ನೆಪ ಹೂಡಿ ಅವಳು ಪ್ರತಿ ಕಾರ್ಯಕ್ರಮಕ್ಕೂ ವ್ಯಾನು ಹತ್ತುತ್ತಿದ್ದಳು. ಸ್ಟೇಜಿನ ಹಿಂದಿನ ಪರದೆಯ ಸಂದಿಯಲ್ಲಿ ಕೂತರೆ ರ‍್ಯಾಕಿನ ಹಿಂಬಾಗಿಲು ಕೈಗೆ ಸಿಗುತ್ತಿತ್ತು.

ಒಂದನ್ನು ಮಾತ್ರ ಅವಳು ತಡೆಯಲಾರದಾದಳು. ಪಕ್ಕದ ಸ್ಪೀಕರು. ಅದರಲ್ಲಿ ಚೇತನ್ ತನ್ನ ಗಿಟಾರನ್ನು ತಾನು ಕೇಳಬೇಕು. "ಇನ್ನೊಂಚೂರು" ಎಂದು ಅವನು ಕಣ್ಣಿನಲ್ಲೇ ಕೇಳುತ್ತಿದ್ದ, ಅವಳು ಏರಿಸುತ್ತಿದ್ದಳು. ಎಲ್ಲಿಯವರೆಗೆ ಏರಿಸಿದ್ದು ಎಂದು ಗೊತ್ತಿರಲಿ ಎಂದು ಆಂಪ್ಲಿಫೈಯರಿನ ಗುಂಡಿಯ ಸುತ್ತ ಒಂದೊಂದು ಸ್ಟಿಕ್ಕರ್ ಬೊಟ್ಟು ಅಂಟಿಸುತ್ತಾ ಬಂದಳು. ಗಡಿಯಾರದ ಒಂಬತ್ತರ ಜಾಗದಲ್ಲಿ ಮೊದಲನೆಯದು. ಮಳೆಗಾಲದ ಹೊತ್ತಿಗೆ ಹನ್ನೆರಡರ ಜಾಗ. ದಸರಾಕ್ಕೆ ಎರಡರ ಜಾಗ. ಒಂದು ಬೆಳಿಗ್ಗೆ ಒರೆಸುತ್ತಾ ಆ ಬೊಟ್ಟುಗಳ ಸಾಲು ನೋಡಿ ಅವಳ ಕೈ ನಿಂತಿತು. ಡಾಕ್ಟರು ಬಿಡಿಸಿ ಹೇಳಿದ್ದರು. ಉಳಿದಿರುವುದನ್ನು ತಿನ್ನುವ ಸದ್ದನ್ನು ದಿನಾ ಬಡಿಸುತ್ತಿರುವುದು ತನ್ನ ಕೈಯೇ. ಆ ದಿನ ಚೇತನ್ ಎದ್ದ ಮೇಲೆ ಎದುರು ಕೂತು, ಈ ವರ್ಷ ಸಾಕು ಮಾಡಿ, ಮಿಷಿನ್ ಹಾಕಿಸಿಕೊಳ್ಳಿ, ಮಕ್ಕಳಿಗೆ ಗಿಟಾರು ಹೇಳಿಕೊಡಿ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಅವನು ಅಷ್ಟನ್ನೂ ಕೇಳಿಸಿಕೊಂಡು, "ಉಪ್ಪಿಟ್ಟಿಗೆ ಉಪ್ಪು ಸಾಲ್ದು" ಎಂದ.

ಆಯುಧಪೂಜೆಗೆ ರ‍್ಯಾಕನ್ನು ಒರೆಸಿ, ಹೊಳಪು ಮಾಡಿ, ಹೂವು ಹಾಕಿ ಇಟ್ಟವಳು ಉಷಾರಾಣಿ. ಪೂಜೆ ಮಾಡುವವನು ಚೇತನ್. ಒಬ್ಬಟ್ಟಿನ ಹೂರಣ ಕೈಗೆ ಅಂಟಿಕೊಂಡೇ ಅವಳು ಮಂಗಳಾರತಿಗೆ ಬಂದು ನೋಡುತ್ತಾಳೆ, ಊದುಬತ್ತಿ ಎರಡು ರ‍್ಯಾಕಿನ ಮೂತಿಯಲ್ಲೇ ಹೊಗೆಯಾಡುತ್ತಿವೆ. ಗಿಟಾರಿನ ಕೇಬಲ್ಲು ಸಿಕ್ಕಿಸುವ ತೂತಿಗೆ ಚೇತನ್ ಊದುಬತ್ತಿ ಚುಚ್ಚಿದ್ದ. ಅಳತೆ ಮಾಡಿಸಿದ ಹಾಗೆ ನಿಂತಿದ್ದವು.

"ಅಯ್ಯೋ, ಅದ್ರಾಗೆ ಯಾಕ್ ಚುಚ್ಚಿದ್ರಿ? ಬೂದಿ ಒಳಗೆ ಹೋಗ್ತದೆ."

"ದೇವ್ರಿಗೆ ಹಚ್ಚಿದ್ದು ಕಣೇ. ಏನೂ ಆಗಲ್ಲ" ಎಂದಳು ಚಂದ್ರಕ್ಕ.

ಅವಳು ಕಿತ್ತು ಊದಿದಳು. ಬಿಚ್ಚಿ ಒಳಗಿನಿಂದ ಒರೆಸಬೇಕಿತ್ತು. ಮನೆ ತುಂಬ ನೆಂಟರು, ಒಬ್ಬಟ್ಟು ಅರ್ಧ ಬೆಂದಿತ್ತು. ನಾಳೆ ಬಿಚ್ಚಿದರಾಯಿತು ಎಂದುಕೊಂಡಳು. ನಾಳೆ ನೆಂಟರು ಉಳಿದರು, ನಾಡಿದ್ದು ಚಂದ್ರಕ್ಕನಿಗೆ ಜ್ವರ, ಆಚೆ ನಾಡಿದ್ದು ಹೊಳಲ್ಕೆರೆಯ ಕಾರ್ಯಕ್ರಮ. ವ್ಯಾನು ಬಾಗಿಲಿಗೆ ಬಂದಾಗ ಅವಳು ಅತ್ತೆಗೆ ಗಂಜಿ ಕುಡಿಸುತ್ತಿದ್ದಳು.

ಹೊಳಲ್ಕೆರೆಯಲ್ಲಿ ಮದುವೆಯ ಆರತಕ್ಷತೆ. ನಾಲ್ಕನೇ ಹಾಡಿಗೆ ಶುರುವಾಯಿತು. ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಸದ್ದು, ದೊಡ್ಡ ಸ್ಪೀಕರುಗಳಲ್ಲಿ, ಗಿಟಾರಿನ ಪ್ರತಿ ಮೀಟಿಗೂ. ಮುಂದಿನ ಸಾಲಿನ ಹೆಂಗಸರು ಸೆರಗಿನಲ್ಲಿ ಕಿವಿ ಮುಚ್ಚಿಕೊಂಡರು, ಒಂದು ಮಗು ಅಳತೊಡಗಿತು. ಮುರುಗಪ್ಪ ಹಾಡುತ್ತಲೇ ತಿರುಗಿ ನೋಡಿದ. ಡ್ರಮ್ಮಿನವನು ನಿಲ್ಲಿಸಿದ. ಚೇತನ್ ಕಣ್ಣು ಮುಚ್ಚಿ, ತಲೆ ತೂಗುತ್ತಾ ನುಡಿಸುತ್ತಲೇ ಇದ್ದ. ಆ ಸಾಸಿವೆ ಸದ್ದು ಇಡೀ ಚಪ್ಪರದಲ್ಲಿ ಕೇಳಿಸದಿದ್ದದ್ದು ಅವನೊಬ್ಬನಿಗೆ. ಪರದೆಯ ಸಂದಿಯಿಂದ ಉಷಾರಾಣಿ ಮಂಡಿಯೂರಿ ಬಂದು ಕೆಂಪು ಅಂಚಿನ ವಯರನ್ನು ಕಿತ್ತಳು. ಆಗ ಅವನು ಕಣ್ಣು ತೆರೆದ.

ಹಾಡಿನ ಮಧ್ಯೆ ವಿರಾಮ ಕೊಟ್ಟು ಎಲ್ಲರೂ ಹಿಂದೆ ಬಂದರು. "ಅಷ್ಟು ಹೊತ್ತು ಚರಚರ ಅಂತಿತ್ತಲ್ಲೋ, ಕೇಳ್ಲಿಲ್ವಾ ನಿಂಗೆ?" ಎಂದ ಮುರುಗಪ್ಪ. ದಪ್ಪ ದನಿಯವನು, ಅದು ಚೇತನ್‌ಗೆ ಕೇಳಿಸಿತು.

ಚೇತನ್ ಹೆಂಡತಿಯ ಕಡೆ ನೋಡಲಿಲ್ಲ. "ಕೇಳ್ದೆ ಏನು. ಹಾಡು ನಿಲ್ಲಿಸಬಾರ್ದು ಅಂತ ನುಡಿಸ್ದೆ. ಇವಳು ಒರೆಸ್ತೀನಿ ಒರೆಸ್ತೀನಿ ಅಂತ ವಯರೆಲ್ಲ ಎಳೆದಾಡಿ ಇಟ್ಟವ್ಳೆ."

ಕೀಬೋರ್ಡಿನವನು ನಕ್ಕ. "ಒಗ್ಗರಣೆ ಹಾಕವ್ರೆ ಅಕ್ಕ."

"ನೋಡವ್ವ, ಮನೇಲಿ ಏನಾರ ಮಾಡ್ಕ" ಎಂದ ಮುರುಗಪ್ಪ. "ಸ್ಟೇಜಿನತ್ರ ಹೆಂಗಸ್ರ ಕೈ ಬೇಡ. ಮುಂದಿನ ಸಲದಿಂದ ಊಟಾನೂ ಬೇಡ, ಅವನಿಗೆ ಮೊಸರನ್ನ ನಾನೇ ಕೊಡಿಸ್ತೀನಿ."

ಉಷಾರಾಣಿ ಚೇತನ್‌ನ ಮುಖ ನೋಡಿದಳು. ಅವನು ಗಿಟಾರಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ. ಊದುಬತ್ತಿಯ ಕಥೆ ಹೇಳಲು ಅವಳಿಗೆ ಒಂದು ನಿಮಿಷ ಸಾಕಿತ್ತು. ಹೇಳಿದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ಹಾಗಾದರೆ ಇವನಿಗೆ ಯಾಕೆ ಕೇಳಿಸಲಿಲ್ಲ? ಅವಳು ತೂತಿನೊಳಗೆ ಬಟ್ಟೆ ಸುತ್ತಿದ ಕಡ್ಡಿ ಆಡಿಸಿ, ಮೀಟರು ಹಿಡಿದು, ವಯರು ಮತ್ತೆ ಸಿಕ್ಕಿಸಿ ಕೊಟ್ಟಳು. ಹಿರಿಯೂರಿಗೆ ಬರುವ ದಾರಿಯುದ್ದಕ್ಕೂ ವ್ಯಾನಿನ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಳು.

ಮರುದಿನ ಚೇತನ್ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹೊಸದುರ್ಗಕ್ಕೆ ನೀನು ಬರ್ಬೇಡ. ಐದು ಸ್ವಿಚ್ ಐತಲ್ಲ, ನಾನೇ ನೋಡ್ಕಂತೀನಿ" ಎಂದ. ಸ್ವಲ್ಪ ತಡೆದು, "ಹಂಗೆ ಅನ್ಬೇಕಾತು" ಎಂದೂ ಸೇರಿಸಿದ. ಕ್ಷಮೆಯ ಹತ್ತಿರಕ್ಕೆ ಅವನು ಬಂದದ್ದು ಅಷ್ಟು ದೂರ. ಅವಳು ಅಕ್ಕಿ ಆರಿಸುತ್ತಿದ್ದಳು. ಆರಿಸುತ್ತಲೇ ಇದ್ದಳು.

ಹೊಸದುರ್ಗದಲ್ಲಿ ನವೆಂಬರ್ ಮಧ್ಯದಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ. ವ್ಯಾನು ಹನ್ನೊಂದಕ್ಕೇ ಹೊರಟಿತು. ತೂತನ್ನು ಬಿಚ್ಚಿ ಚೊಕ್ಕಟ ಮಾಡಿ, ಎಲ್ಲ ವಯರು ಎರಡೆರಡು ಸಲ ನೋಡಿ ಅವಳು ರ‍್ಯಾಕನ್ನು ಕೌದಿಯ ಮೇಲೆ ಕೂರಿಸಿ ಕಳಿಸಿದಳು. ಪಕ್ಕದ ಸ್ಪೀಕರಿನ ಗುಂಡಿಯನ್ನು ಕೊನೆಯ ಬೊಟ್ಟಿನಿಂದ ಮೇಲೆ ತಿರುಗಿಸಬೇಡಿ, ಕೂಗುತ್ತದೆ ಎಂದು ಅವನಿಗೆ ಹೇಳಿದಳು. ಅವನು ಹೂಂ ಎಂದ. ಕೇಳಿಸದಿದ್ದಾಗಲೂ ಅವನು ಹಾಗೇ ಹೂಂ ಎನ್ನುವುದು.

ಮೇಘಶ್ರೀ ಸ್ಕೂಲಿನಲ್ಲಿದ್ದಳು. ಚಂದ್ರಕ್ಕ ಪಕ್ಕದ ಬೀದಿಯ ಉಚ್ಚಂಗಮ್ಮನ ಮನೆಗೆ ಹರಟೆಗೆ ಹೋಗಿದ್ದಳು. ಮಧ್ಯಾಹ್ನ ಮೂರೂವರೆಗೆ ಫೋನು ಬಂತು. ಮುರುಗಪ್ಪ. ಹಿಂದಿನಿಂದ ಒಂದು ಶಿಳ್ಳೆ ಫೋನನ್ನೂ ಸೀಳಿಕೊಂಡು ಬರುತ್ತಿತ್ತು.

"ಕೇಳ್ತೈತಾ ಉಷಾವ್ವ? ಸೌಂಡ್ ನೋಡಾಣ ಅಂತ ಆನ್ ಮಾಡಿದ್ರೆ ಇದು ಹಿಂಗೆ ಕೂಗ್ತೈತೆ. ನಾವೆಲ್ಲ ಕಿವಿ ಮುಚ್ಕಂಡು ನಿಂತೀವಿ. ನಿನ್ ಗಂಡ 'ಎಲ್ಲಿ ಕೂಗ್ತೈತೆ' ಅಂತ ನಮ್ಮನ್ನೇ ಕೇಳ್ತಾನೆ. ತಮಾಷೆ ಮಾಡ್ತಾನೋ ಏನೋ. ಅವತ್ತು ನೀನೇ ಸರಿ ಮಾಡಿದ್ದಲ್ಲ, ಯಾವ್ ಗುಂಡಿ ಹೇಳವ್ವ."

ಅಷ್ಟರಲ್ಲಿ ಶಿಳ್ಳೆ ತಟ್ಟನೆ ನಿಂತಿತು. "ಕರೆಂಟ್ ಹೋತು. ಜನರೇಟರ್ ಹಾಕ್ತಾರೆ. ಐದ್ ನಿಮಿಷಕ್ಕೆ ಮಾಡ್ತೀನಿ, ಯೋಚ್ನೆ ಮಾಡಿಟ್ಕ."

ಗುಂಡಿಯ ಬಗ್ಗೆ ಯೋಚಿಸುವುದಕ್ಕೆ ಏನೂ ಇರಲಿಲ್ಲ. ತಳದ ಯಂತ್ರ, ಎಡಗಡೆಯದು, ಒಂದು ಬೆರಳಗಲ ಹಿಂದಕ್ಕೆ. ಹೇಳಿದರೆ ಎರಡು ಸೆಕೆಂಡಿನ ಕೆಲಸ. ಶಿಳ್ಳೆ ನಿಲ್ಲುತ್ತದೆ, ಚೇತನ್ "ವಯರು ಸಡಿಲ ಇತ್ತು" ಎನ್ನುತ್ತಾನೆ, ಸಂಜೆ ನುಡಿಸುತ್ತಾನೆ. ನಾಡಿದ್ದು ಇನ್ನೊಂದು ಊರು, ಅಲ್ಲಿಂದ ಇನ್ನೊಂದು ಫೋನು. ಗುಂಡಿ ಮೂರಕ್ಕೆ ಹೋಗುತ್ತದೆ, ನಾಲ್ಕಕ್ಕೆ ಹೋಗುತ್ತದೆ. ಒಂದು ದಿನ ಮುರುಗಪ್ಪನ ದಪ್ಪ ದನಿಯೂ ಅವನಿಗೆ ಕೇಳಿಸುವುದಿಲ್ಲ, ಅವಳು ಎದುರು ನಿಂತು ಎಷ್ಟು ದಪ್ಪ ಮಾಡಿ ಹೇಳಿದರೂ ಕೇಳಿಸುವುದಿಲ್ಲ.

ಕಿವಿಯ ವಿಷಯ ಹೇಳಿಬಿಟ್ಟರೆ? ಅವನ ಇಪ್ಪತ್ತೆರಡು ವರ್ಷದ ಗಿಟಾರು ಇವತ್ತೇ ಮುಗಿಯುತ್ತದೆ. ಬೇರೆಯವರು ಮುಗಿಸಿದ್ದರೆ ಅವನು ಅವಳ ಹತ್ತಿರ ಬಂದು ಅಳುತ್ತಿದ್ದ. ಅವಳೇ ಮುಗಿಸಿದರೆ ಅಳುವುದಕ್ಕೂ ಅವನಿಗೆ ಜಾಗವಿಲ್ಲ. ಮನೆಗೆ ಬರುತ್ತಾನೆ, ತಟ್ಟೆ ಮುಂದಿಟ್ಟರೆ ಉಣ್ಣುತ್ತಾನೆ, ಮಾತಾಡುವುದಿಲ್ಲ, ತಿಂಗಳೋ ವರ್ಷವೋ. ಚಂದ್ರಕ್ಕ ಬೀದಿಗೆಲ್ಲ ಹೇಳುತ್ತಾಳೆ, ಮಗನ ಹೊಟ್ಟೆ ಮೇಲೆ ಹೆಂಡತಿಯೇ ಹೊಡೆದಳು ಎಂದು. ಯಾರಿಗೂ ಹೇಳುವುದಿಲ್ಲ ಎಂದು ಬಸ್ಸಿನಲ್ಲಿ ತಲೆಯಾಡಿಸಿ ಕೊಟ್ಟ ಮಾತು ಬೇರೆ. ಆದರೆ ಆ ಮಾತನ್ನು ಉಳಿಸಿಕೊಳ್ಳುವುದಕ್ಕೆ ಅವಳು ಈ ಎರಡು ವರ್ಷ ಮಾಡಿದ್ದೇನು? ಒಂದು ಪೆಟ್ಟಿಗೆ ಕಟ್ಟಿ, ಅದರ ಹಿಂದೆ ಕೂತು, ಅವನ ಕಿವಿಯನ್ನು ಅವನಿಂದಲೇ ಬಚ್ಚಿಟ್ಟದ್ದು. ಅಪ್ಪ ಇದ್ದಿದ್ದರೆ ಯಾರ ಪರ ಮಾತಾಡುತ್ತಿದ್ದ ಎಂದು ಯೋಚಿಸಿದಳು. ಕೇಳುವುದಕ್ಕೆ ಬೇರೆ ಯಾರೂ ಇರಲಿಲ್ಲ.

ಫೋನು ಮತ್ತೆ ಬಂತು. ಜನರೇಟರಿನ ಗುಡುಗುಡು, ಅದರ ಮೇಲೆ ಅದೇ ಶಿಳ್ಳೆ.

"ಹೇಳವ್ವ, ಯಾವ್ ಗುಂಡಿ? ಅವನ ಕೈಗೇ ಕೊಡ್ಲಾ ಫೋನು?"

"ಕೊಡ್ಬೇಡಿ. ನೀವು ಒಬ್ರೇ ಅಲ್ಲಿಂದ ಈಚೆ ಬರ್ರಿ."

"ಬಂದೆ. ಏನು?"

"ಗುಂಡಿ ಆಮೇಲೆ ಹೇಳ್ತೀನಿ ಅಣ್ಣ" ಎಂದಳು ಉಷಾರಾಣಿ. "ಮೊದ್ಲು ಇದನ್ನ ಕೇಳ್ಕಳ್ರಿ. ನಮ್ಮನೆಯವ್ರಿಗೆ ಕಿವಿ ಕೇಳ್ಸಲ್ಲ. ಎರಡು ವರ್ಷ ಆತು."